ನಿಧಾನವಾಗಿ ಹೇಳುವ ಕೀರ್ತನೆ

ಆರನೇ ಶತಮಾನದ ಇಟಲಿಯ ಒಂದು ಮಠ. ಚಳಿಗಾಲದ ರಾತ್ರಿಯ ಎಂಟನೇ ತಾಸು, ನಮ್ಮ ಗಡಿಯಾರದ ಲೆಕ್ಕದಲ್ಲಿ ಸುಮಾರು ಎರಡು ಗಂಟೆ. ಪ್ರಾರ್ಥನೆಗೆ ಏಳುವ ಹೊತ್ತಾಗಿದೆ. ಕೆಲವರು ಆಗಲೇ ಪ್ರಾರ್ಥನಾಲಯದಲ್ಲಿ ನಿಂತಿದ್ದಾರೆ, ಕೆಲವರು ಕತ್ತಲಲ್ಲಿ ತಡವರಿಸುತ್ತಾ ಬರುತ್ತಿದ್ದಾರೆ, ಒಬ್ಬನಿಗೆ ಮಾತ್ರ ಕಣ್ಣು ಬಿಡಲಾಗುತ್ತಿಲ್ಲ. ಆ ಒಬ್ಬನಿಗಾಗಿ ಮಠದ ನಿಯಮದಲ್ಲೇ ಒಂದು ಏರ್ಪಾಡಿದೆ. ಆರಂಭದಲ್ಲಿ ಬರುವ 95ನೇ ಕೀರ್ತನೆಯನ್ನು ಎಳೆದೆಳೆದು, ಬಹಳ ನಿಧಾನವಾಗಿ ಹೇಳಬೇಕು. ಅದು ಮುಗಿದು ತ್ರಿತ್ವದ ಸ್ತುತಿ ಬರುವುದರೊಳಗೆ ಓಡಿ ಬಂದು ಸೇರಿಕೊಂಡವನು ತಡವಾಗಿ ಬಂದವನಲ್ಲ.

ಸಂತ ಬೆನೆಡಿಕ್ಟ್ ಬರೆದ ನಿಯಮದ 43ನೇ ಅಧ್ಯಾಯದಲ್ಲಿ ಇದಿದೆ. ಕ್ರೈಸ್ತ ಆಧ್ಯಾತ್ಮಿಕ ಬದುಕಿನ ಶಿಸ್ತು ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಉಪವಾಸವಲ್ಲ, ಮೊಣಕಾಲೂರಿದ ತಪಸ್ವಿಯ ಚಿತ್ರವೂ ಅಲ್ಲ. ನಿದ್ದೆಗಣ್ಣಿನವನ ದಾರಿ ಕಾಯುತ್ತಾ ಸಾಗುವ ಈ ಕೀರ್ತನೆ. ಶಿಸ್ತನ್ನು ಒಂದು ಕಸುಬೆಂದು ಕಂಡವನಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ. ಮರ ಕೆತ್ತುವವನು ಮರದ ಗಂಟು ಎಲ್ಲಿದೆ ಎಂದು ತಿಳಿದೇ ಉಳಿ ಇಡುತ್ತಾನಲ್ಲ, ಹಾಗೆ.

ಈ ಕಸುಬನ್ನು ಬೆನೆಡಿಕ್ಟ್ ತಾನಾಗಿ ಕಂಡುಹಿಡಿದದ್ದಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲೇ ಈಜಿಪ್ಟಿನ ಮರುಭೂಮಿಯಲ್ಲಿ ಅದು ರೂಪುಗೊಂಡಿತ್ತು. ಅಲ್ಲಿನ ಸನ್ಯಾಸಿ ಸಂತ ಅಂತೋಣಿಯ ಬಗ್ಗೆ ಒಂದು ಕಥೆ ಹೇಳುತ್ತಿದ್ದರು. ಒಮ್ಮೆ ಆತನಿಗೆ ತಡೆಯಲಾರದ ಬೇಸರ ಬಂತು. ಮನಸ್ಸು ಪ್ರಾರ್ಥನೆಯಲ್ಲಿ ನಿಲ್ಲದು, ದಾರಿ ಕಾಣದು. ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬ ಕುಳಿತು ಹಗ್ಗ ಹೊಸೆಯುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹೊಸೆಯುತ್ತಾನೆ, ಮತ್ತೆ ಏಳುತ್ತಾನೆ. ಅವನು ದೇವದೂತ. ನೀನೂ ಹೀಗೆ ಮಾಡು, ಉದ್ಧಾರವಾಗುತ್ತೀಯೆ ಎಂದನಂತೆ. ಕೂರುವುದು, ಏಳುವುದು, ಮತ್ತೆ ಕೂರುವುದು: ಪಾಠ ಇಷ್ಟೇ.

ಅಂತೋಣಿಗೆ ಬಂದ ಆ ಬೇಸರಕ್ಕೆ ಗ್ರೀಕಿನಲ್ಲಿ ಅಕೇಡಿಯ ಎಂಬ ಹೆಸರಿತ್ತು. ಅದನ್ನು ವೈದ್ಯನಂತೆ ನಾಡಿ ಹಿಡಿದು ಪರೀಕ್ಷಿಸಿದವನು ಪೊಂಟಸ್ ಸೀಮೆಯ ಎವಾಗ್ರಿಯಸ್. 399ರಲ್ಲಿ ಈಜಿಪ್ಟಿನಲ್ಲೇ ತೀರಿಕೊಂಡ. ಅವನು ಅದನ್ನು ನಡುಹಗಲ ದೆವ್ವ ಎಂದು ಗುರುತಿಸಿದ. ಅದು ಬರುವುದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ. ಸೂರ್ಯ ಆಕಾಶದಲ್ಲಿ ಅಂಟಿಕೊಂಡಂತೆ ಕಾಣುತ್ತಾನೆ, ಹಗಲಿಗೆ ಐವತ್ತು ತಾಸು ಇದ್ದಂತೆ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ; ಊಟದ ಹೊತ್ತಿಗೆ ಇನ್ನೆಷ್ಟು ದೂರ ಎಂದು ಬಿಸಿಲನ್ನು ಅಳೆಯುತ್ತಾನೆ; ಯಾರಾದರೂ ಸೋದರ ಈ ಕಡೆ ಬರುತ್ತಿದ್ದಾನೆಯೇ ಎಂದು ಇಣುಕುತ್ತಾನೆ. ಆಮೇಲೆ ಇರುವ ಜಾಗದ ಮೇಲೆ ಜಿಗುಪ್ಸೆ, ಮಾಡುವ ಕೆಲಸದ ಮೇಲೆ ಜಿಗುಪ್ಸೆ. ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಎಂಬ ಯೋಚನೆ. ಕೊನೆಗೆ ಊರು, ಬಂಧುಬಳಗ, ಮುಂದೆ ಕಾದಿರುವ ಉದ್ದನೆಯ ಮುಪ್ಪು, ಎಲ್ಲ ನೆನಪಾಗುತ್ತವೆ.

ಸಾವಿರದ ಆರುನೂರು ವರ್ಷಗಳ ಹಿಂದಿನ ಈ ವಿವರಣೆಯನ್ನು ಓದಿ ನಾನು ಬೆರಗಾದೆ. ಪ್ರಾರ್ಥನೆಗೆ ಕುಳಿತು ಐದನೇ ನಿಮಿಷಕ್ಕೆ ಮೊಬೈಲಿನ ಕಡೆ ಕೈ ಚಾಚುವ ನಮ್ಮ ಚಡಪಡಿಕೆ ಇದೇ. ಈ ದೆವ್ವ ಪಾಪ ಮಾಡು ಎಂದು ಹೇಳುವುದಿಲ್ಲ, ಎದ್ದು ಹೋಗು ಎನ್ನುತ್ತದೆ. ಅದಕ್ಕೆ ಮರುಭೂಮಿಯ ಸನ್ಯಾಸಿಗಳು ಕಂಡುಕೊಂಡ ಔಷಧವೂ ಅಷ್ಟೇ ಸರಳ: ಏಳಬೇಡ. ಕೋಣೆಯಲ್ಲೇ ಇರು, ಕೈಗೆ ಕೆಲಸ ಕೊಡು, ಬಾಯಿಗೆ ಒಂದು ಚಿಕ್ಕ ವಚನ ಕೊಡು.

ಎವಾಗ್ರಿಯಸ್‌ನ ಕಲಿಕೆಯನ್ನು ಪಶ್ಚಿಮಕ್ಕೆ ಕೊಂಡೊಯ್ದವನು ಜಾನ್ ಕ್ಯಾಸಿಯನ್. ಅವನು ಪೌಲ ಎಂಬ ಮುದುಕ ಸನ್ಯಾಸಿಯ ಸಂಗತಿಯೊಂದನ್ನು ಬರೆದಿಟ್ಟಿದ್ದಾನೆ. ಪೌಲ ಇದ್ದ ಜಾಗದಿಂದ ಪೇಟೆಗೆ ಏಳು ದಿನದ ದಾರಿ. ಹೆಣೆದ ಬುಟ್ಟಿಗಳನ್ನು ಸಾಗಿಸುವ ಖರ್ಚು ಅವುಗಳ ಬೆಲೆಗಿಂತ ಹೆಚ್ಚು. ಹೊಟ್ಟೆಗೆ ಖರ್ಜೂರದ ಮರಗಳೂ ಚಿಕ್ಕ ತೋಟವೂ ಸಾಕು. ಆದರೂ ಅವನು ದಿನವೂ ಖರ್ಜೂರದ ಗರಿ ತಂದು, ಕೂಲಿಯವನಂತೆ ತನಗೆ ತಾನೇ ಲೆಕ್ಕ ಒಪ್ಪಿಸಿಕೊಂಡು ದುಡಿದ. ವರ್ಷದ ಕೊನೆಗೆ ಗುಹೆ ತುಂಬಿದಾಗ ಎಲ್ಲವನ್ನೂ ಸುಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದ. ಮೊದಲ ಓದಿಗೆ ಇದು ಹುಚ್ಚಾಟವೆನಿಸೀತು. ನನಗೂ ಹಾಗೇ ಅನ್ನಿಸಿತ್ತು. ಆದರೆ ವಿಚಾರ ಮಾಡಿದರೆ ಅವನು ಹೆಣೆಯುತ್ತಿದ್ದದ್ದು ಬುಟ್ಟಿಯನ್ನಲ್ಲ, ತನ್ನನ್ನೇ. ಬುಟ್ಟಿ ಬೂದಿಯಾದರೂ ಹೆಣೆದ ಕೈಯ ಹದ ಉಳಿಯುತ್ತದೆ.

ಬಾಯಿಗೆ ಕೊಡಬೇಕಾದ ವಚನ ಯಾವುದೆಂದೂ ಕ್ಯಾಸಿಯನ್ ಹೇಳಿದ್ದಾನೆ: 70ನೇ ಕೀರ್ತನೆಯ ಮೊದಲ ಸಾಲು. ದೇವರೇ, ಬೇಗ ನೆರವಿಗೆ ಬಾ ಎಂಬುದು ಅದರ ಸಾರ. ಹಸಿದಾಗ, ನಿದ್ದೆ ಬಾರದಾಗ, ಸಿಟ್ಟು ಬಂದಾಗ, ಮನಸ್ಸು ಹಗುರಾದಾಗಲೂ ಅದನ್ನೇ ಹೇಳಿಕೊಳ್ಳಬೇಕು. ಕ್ಯಾಸಿಯನ್‌ನ ಬರಹಗಳನ್ನು ತನ್ನ ಸನ್ಯಾಸಿಗಳು ಓದಲೇಬೇಕೆಂದು ವಿಧಿಸಿದ ಬೆನೆಡಿಕ್ಟ್ ಹಗಲಿನ ಪ್ರಾರ್ಥನಾವೇಳೆಗಳನ್ನು ಇದೇ ಸಾಲಿನಿಂದ ಆರಂಭಿಸಿದ. ಇಂದಿಗೂ ಕಥೋಲಿಕ ಗುರುಗಳೂ ಕನ್ಯಾಸ್ತ್ರೀಯರೂ ತಮ್ಮ ಪ್ರಾರ್ಥನಾವೇಳೆಗಳನ್ನು ಶುರು ಮಾಡುವುದು ಅದರಿಂದಲೇ. ಶಿಸ್ತಿನ ಮೊದಲ ಮಾತು ಹೀಗೆ ಸಹಾಯದ ಕೂಗು; ನನ್ನಿಂದ ಇದು ಆಗದು ಎಂದು ಒಪ್ಪಿಕೊಂಡೇ ಕೆಲಸಕ್ಕೆ ಕೈ ಹಾಕುವುದು.

ಬೆನೆಡಿಕ್ಟ್ ಸುಮಾರು 480ರಲ್ಲಿ ನೂರ್ಸಿಯದಲ್ಲಿ ಹುಟ್ಟಿದ. ಸುಬಿಯಾಕೊದ ಗುಹೆಯಲ್ಲಿ ಒಬ್ಬಂಟಿಯಾಗಿದ್ದು, ಆಮೇಲೆ ಮೊಂತೆ ಕಸ್ಸಿನೊ ಬೆಟ್ಟದ ಮೇಲೆ ಮಠ ಕಟ್ಟಿದ. ಅವನ ನಿಯಮ 73 ಅಧ್ಯಾಯಗಳ ಪುಟ್ಟ ಪುಸ್ತಕ. ಮರುಭೂಮಿಯ ಒಂಟಿ ಸಾಧಕರ ಕಸುಬನ್ನು ಸಾಮಾನ್ಯ ಜನ ಒಟ್ಟಾಗಿ ಬಾಳುವ ಮನೆಗೆ ಹೊಂದಿಸಿದ್ದು ಅವನ ದೊಡ್ಡ ಕೆಲಸ. ಹಗಲಿಗೆ ಏಳು ಪ್ರಾರ್ಥನೆ, ರಾತ್ರಿಗೆ ಒಂದು. ವಾರಕ್ಕೆ 150 ಕೀರ್ತನೆಗಳೂ ಮುಗಿಯಬೇಕು. ಹಿರಿಯರು ಒಂದೇ ದಿನದಲ್ಲಿ ಹೇಳಿ ಮುಗಿಸುತ್ತಿದ್ದದ್ದನ್ನು ನಾವು ವಾರಕ್ಕಾದರೂ ಮುಗಿಸೋಣ ಎಂಬ ಧಾಟಿ ಅವನದು. ಕೀರ್ತನೆಗಳನ್ನು ತಾನು ಹಂಚಿದ ಕ್ರಮ ಹಿಡಿಸದಿದ್ದರೆ ಬೇರೆ ರೀತಿ ಹಂಚಿಕೊಳ್ಳಿ ಎಂದೂ ಹೇಳುತ್ತಾನೆ. ಲೆಕ್ಕ ತಪ್ಪಬಾರದು, ಅಷ್ಟೇ.

ಈ ಕೀರ್ತನೆಗಳನ್ನು ಹೇಳುವ ಬಗೆಯನ್ನು ಹತ್ತಿರದಿಂದ ಕೇಳಬೇಕು. ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಚರಣ ಆ ಕಡೆಯವರದು, ಮುಂದಿನದು ಈ ಕಡೆಯವರದು. ಪ್ರತಿ ಚರಣದ ನಡುವೆ ಒಂದು ಉಸಿರಿನಷ್ಟು ನಿಲುಗಡೆ. ಹೊಸಬ ಎಡವುವುದು ಅಲ್ಲೇ. ಭಕ್ತಿಯ ಭರದಲ್ಲಿ ಅವನ ದನಿ ಆ ನಿಲುಗಡೆಯನ್ನು ದಾಟಿಬಿಡುತ್ತದೆ. ಇಡೀ ಮೌನದಲ್ಲಿ ಅವನೊಬ್ಬನದೇ ಸದ್ದು. ತಿಂಗಳುಗಟ್ಟಲೆ ನಿಂತ ಮೇಲೆ ಪಕ್ಕದವನ ಉಸಿರು ಕೇಳಿಸತೊಡಗುತ್ತದೆ, ತನ್ನ ದನಿ ಎಷ್ಟು ತಗ್ಗಬೇಕೆಂಬುದು ಕಿವಿಗೇ ತಿಳಿಯುತ್ತದೆ. ನಿಯಮದ ಮೊಟ್ಟಮೊದಲ ಪದವೇ ‘ಕೇಳು’ ಎಂಬುದು.

ಓದಿಗೂ ಇದೇ ಹದ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಸ್ತಕ. ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕು. ಓದುವ ಹೊತ್ತಿನಲ್ಲಿ ಹರಟೆ ಹೊಡೆಯುವವರಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಸುತ್ತು ಹಾಕುತ್ತಾರೆ. ಧರ್ಮಗ್ರಂಥದ ಒಂದು ವಾಕ್ಯವನ್ನು ಹಿಡಿದು ದಿನವಿಡೀ ಬಾಯಲ್ಲಿ ಆಡಿಸುವುದಕ್ಕೆ ಲ್ಯಾಟಿನ್ನಿನಲ್ಲಿ ಅವರು ಇಟ್ಟ ಹೆಸರು ಹಸುವಿನದು: ಮೆಲುಕು ಹಾಕುವುದು. ಕನ್ನಡಕ್ಕೆ ಅದನ್ನು ವಿವರಿಸಬೇಕಾಗಿಲ್ಲ. ಹನ್ನೆರಡನೇ ಶತಮಾನದ ಗೀಗೊ ಎಂಬ ಕಾರ್ತೂಸಿಯನ್ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಿನ ಏಣಿಯಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಧ್ಯಾನ.

ಅಡುಗೆಮನೆಯ ಕೆಲಸ ವಾರಕ್ಕೊಬ್ಬರ ಸರದಿ. ಶನಿವಾರ ಸರದಿ ಮುಗಿಸುವವನು ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಅವನೂ ಮುಂದಿನ ವಾರದವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಗಳನ್ನು ಶುಚಿಯಾಗಿ, ಒಡೆಯದೆ ಉಗ್ರಾಣದವನಿಗೆ ಒಪ್ಪಿಸಬೇಕು. ಉಗ್ರಾಣದವನಂತೂ ಮಠದ ಗುದ್ದಲಿ, ತಪ್ಪಲೆಗಳನ್ನು ಬಲಿಪೀಠದ ಪಾತ್ರೆಗಳೆಂದೇ ಕಾಣಬೇಕು. ‘ಪ್ರಾರ್ಥಿಸು, ದುಡಿ’ ಎಂಬ ಪ್ರಸಿದ್ಧ ಮಾತು ನಿಯಮದಲ್ಲಿ ಎಲ್ಲೂ ಇಲ್ಲ. ನಂತರದವರು ಅದನ್ನು ಬೆನೆಡಿಕ್ಟನಿಗೆ ಸೇರಿಸಿದರು. ಈ ತಪ್ಪಲೆಯ ಮಾತು ಮಾತ್ರ ಅವನದೇ, ನನಗೆ ಅದೇ ಹೆಚ್ಚು ಇಷ್ಟ.

ತಪ್ಪಲೆಯ ನಡುವೆಯೇ ಇಡೀ ಸಾಧನೆ ಮಾಡಿದವನೊಬ್ಬ ಹದಿನೇಳನೇ ಶತಮಾನದ ಪ್ಯಾರಿಸ್‌ನಲ್ಲಿದ್ದ. ಬ್ರದರ್ ಲಾರೆನ್ಸ್, ಹಿಂದೆ ಸೈನಿಕ, ಆಮೇಲೆ ಕಾರ್ಮೆಲ್ ಮಠದ ಅಡುಗೆಯವನು. ಅಡುಗೆಮನೆಯ ಗದ್ದಲದಲ್ಲೂ ದೇವರ ಸನ್ನಿಧಿಯನ್ನು ಮರೆಯದಿರುವುದು ಅವನ ಸಾಧನೆ. ಆದರೆ ಮರೆತಾಗ ಏನು ಮಾಡುತ್ತಿದ್ದ ಎಂಬುದು ಅದಕ್ಕಿಂತ ಮುಖ್ಯ. ತಪ್ಪೊಪ್ಪಿಕೊಂಡು, ಕೊರಗುತ್ತಾ ಕೂರದೆ, ಸುಮ್ಮನೆ ಮತ್ತೆ ದೇವರ ಕಡೆ ತಿರುಗುತ್ತಿದ್ದ.

ಮತ್ತೆ 43ನೇ ಅಧ್ಯಾಯಕ್ಕೆ ಬರುತ್ತೇನೆ. ಕೀರ್ತನೆಯನ್ನು ಎಷ್ಟೇ ಎಳೆದು ಹೇಳಿದರೂ ಅದು ಮುಗಿದ ಮೇಲೆ ಬರುವವನು ಇದ್ದೇ ಇರುತ್ತಾನೆ. ಅವನನ್ನು ಹೊರಗೆ ನಿಲ್ಲಿಸಬಾರದು ಎನ್ನುತ್ತಾನೆ ಬೆನೆಡಿಕ್ಟ್. ಹೊರಗೆ ಬಿಟ್ಟರೆ ಮತ್ತೆ ಹೋಗಿ ಮಲಗಿಯಾನು, ಇಲ್ಲವೇ ಅಲ್ಲೇ ಕುಳಿತು ಹರಟೆಗಿಳಿದಾನು. ಒಳಗೆ ಬರಲಿ, ಕೊನೆಯ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಲಿ, ಉಳಿದ ಪ್ರಾರ್ಥನೆಯಾದರೂ ಅವನಿಗೆ ದಕ್ಕಲಿ. ನಾಚಿಕೆಯೂ ಇದೆ, ಜಾಗವೂ ಇದೆ. ಪ್ರಾರ್ಥನೆಗೆ ಏಳುವಾಗ ಒಬ್ಬರನ್ನೊಬ್ಬರು ಮೆಲ್ಲಗೆ ಹುರಿದುಂಬಿಸಬೇಕು ಎಂದು ಇನ್ನೊಂದು ಕಡೆ ಬರೆಯುತ್ತಾನೆ. ನಿದ್ದೆಬುರುಕರಿಗೆ ನೆಪಗಳು ಬಹಳ ಎಂದು ಅವನಿಗೆ ಗೊತ್ತು.

ಈ ಮಠಗಳ ಕವಲು ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನ ಕೆಂಗೇರಿಯ ಕಡೆ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ. 1955ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ಬೆನೆಡಿಕ್ಟೈನ್ ಬೀಡ್ ಗ್ರಿಫಿತ್ಸ್ ಮೊದಲು ನೆಲೆ ನಿಲ್ಲಲು ಯತ್ನಿಸಿದ್ದೂ ಕೆಂಗೇರಿಯಲ್ಲೇ. ಆದರೆ ಇದಕ್ಕಿಂತ ಹಳೆಯ ನಂಟು ನಮ್ಮ ಕರಾವಳಿಯ ಮನೆಗಳಲ್ಲಿದೆ. ಓದುಬಾರದ ಯುರೋಪಿನ ರೈತನಿಗೆ 150 ಕೀರ್ತನೆಗಳು ಎಟುಕುತ್ತಿರಲಿಲ್ಲ. ಅವನು ಅವುಗಳ ಬದಲಿಗೆ 150 ಸಲ ಮರಿಯಮ್ಮನ ಜಪ ಹೇಳಿಕೊಂಡ. ಅದೇ ಜಪಸರ. ಅದರ ಮೂರನೇ ಒಂದು ಭಾಗಕ್ಕೆ, ಎಂದರೆ ಐವತ್ತಕ್ಕೆ, ಪೋರ್ಚುಗೀಸಿನಲ್ಲಿ ತೆರ್ಸೊ ಎಂದು ಹೆಸರು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಸಂಜೆ ಹೇಳುವ ತೇರ್ಸ್ ಇದೇ. ಬೆನೆಡಿಕ್ಟನ ಕಾಲದ ಕೀರ್ತನೆಗಳ ಲೆಕ್ಕ ಸಮುದ್ರ ದಾಟಿ ನಮ್ಮ ಹಜಾರದ ನೆಲಕ್ಕೆ ಇಳಿದಿದೆ. ತೇರ್ಸಿನ ನಡುವೆ ಮಕ್ಕಳು ತೂಕಡಿಸುತ್ತವೆ. ಅಜ್ಜಿ ಜಪ ನಿಲ್ಲಿಸುವುದಿಲ್ಲ, ಬೈಯುವುದೂ ಇಲ್ಲ. ಮೊಮ್ಮಗುವಿನ ಭುಜ ತಟ್ಟುತ್ತಾಳೆ, ಮಣಿ ಮುಂದಕ್ಕೆ ಸರಿಯುತ್ತದೆ. ಕೊನೆಗೆ ಎಲ್ಲರೂ ಹಿರಿಯರಿಂದ ಬೆಸಾಂವ್ ಪಡೆದು ಊಟಕ್ಕೆ ಏಳುತ್ತಾರೆ. ನಿದ್ದೆ ಮಾಡಿದ ಮಗುವಿಗೂ ಆಶೀರ್ವಾದ ಅಷ್ಟೇ ಸಿಗುತ್ತದೆ.

ಪ್ರಾರ್ಥನೆಯನ್ನು ಬಿಟ್ಟು ತಿಂಗಳಾಯಿತು, ವರ್ಷವಾಯಿತು, ಇನ್ನು ಯಾವ ಮುಖ ಹೊತ್ತು ಕೂರಲಿ ಎನ್ನುವವರು ಸಂತ ಬೆನೆಡಿಕ್ಟನ ನಿಯಮವನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು. ಒಂದು ಸಂಜೆಗೆ ಮುಗಿಯುವ ಪುಸ್ತಕ, ಆದರೆ ಮಠಗಳಲ್ಲಿ ಹಾಗೆ ಓದುವ ರೂಢಿಯಿಲ್ಲ. ದಿನಕ್ಕೊಂದು ತುಣುಕಿನಂತೆ ನಾಲ್ಕು ತಿಂಗಳಿಗೆ ಮುಗಿಸುತ್ತಾರೆ. ಜನವರಿ 1, ಮೇ 2, ಸೆಪ್ಟೆಂಬರ್ 1 — ವರ್ಷಕ್ಕೆ ಮೂರು ಸಲ ‘ಕೇಳು’ ಎಂಬ ಆ ಮೊದಲ ಪದದಿಂದ ಮತ್ತೆ ಶುರು ಮಾಡುತ್ತಾರೆ.