ನೀರಿನ ಸಾಣೆಯ ನಿಧಾನ

ಪಶ್ಚಿಮ ದೆಹಲಿಯ ಕೀರ್ತಿನಗರ ಮರಮುಟ್ಟು, ಪೀಠೋಪಕರಣಗಳ ದೊಡ್ಡ ಮಾರುಕಟ್ಟೆ. ಅಲ್ಲಿಗೆ ಹತ್ತಿರದ ಮಾಯಾಪುರಿ ಹಳೆಯ ಮೋಟಾರು, ಗೇರು, ಶಾಫ್ಟುಗಳ ಗುಜರಿಗೆ ಹೆಸರಾದದ್ದು. ಎರಕದ ಕಬ್ಬಿಣದ ತೊಟ್ಟಿ, ಅದರ ನೀರನ್ನು ಮುಟ್ಟಿಕೊಂಡು ತಿರುಗುವ ದಪ್ಪ ಕಲ್ಲಿನ ಚಕ್ರ, ಇಷ್ಟೇ ಇರುವ ಹಳೆಯ ನೀರಿನ ಸಾಣೆ ಯಂತ್ರವೊಂದು ಬಡಗಿಯ ಕೈಗೆ ಬಂದರೆ ಅದು ಮಾಯಾಪುರಿಯ ತಕ್ಕಡಿ ಏರಬೇಕೋ, ಕೀರ್ತಿನಗರದ ಕೆಲಸದ ಮನೆಗೆ ಬರಬೇಕೋ? ಕೆಜಿ ಲೆಕ್ಕ ಹಾಕಿದರೆ ಅದು ಬರೀ ಕಬ್ಬಿಣ. ಉಳಿಯ ಉಕ್ಕಿನ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತು ಬೇರೆ. ಭರ್ರನೆ ತಿರುಗುವ ಎಮರಿ ಚಕ್ರಕ್ಕಿಂತ ಈ ನಿಧಾನದ ಯಂತ್ರವೇ ಬಡಗಿಗೆ ಹೆಚ್ಚು ಉಪಯೋಗದ್ದು, ಅದರ ದುರಸ್ತಿಗೆ ಹಾಕಿದ ದುಡ್ಡು ದಂಡವಲ್ಲ ಎಂಬುದು ನನ್ನ ವಾದ.

ಉಳಿ, ಉಜ್ಜುಗೊರಡಿನ ಅಲಗು ಹೆಚ್ಚಾಗಿ ಇಂಗಾಲದ ಅಂಶ ಜಾಸ್ತಿ ಇರುವ ಉಕ್ಕಿನವು. ಅವನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದಾಗ ಉಕ್ಕು ಗಾಜಿನಂತೆ ಬಿರುಸಾಗುತ್ತದೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಆ ಬಿರುಸನ್ನು ತುಸು ಇಳಿಸುವುದೇ ಹದ. ಹದವಾದ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು. ಅದೇ ಅಲಗು ಮುಂದೆ ಯಾವಾಗಲಾದರೂ 300 ಡಿಗ್ರಿ ಮುಟ್ಟಿತೆಂದರೆ ಗಡಸುತನ 55ರತ್ತ ಜಾರುತ್ತದೆ. ಇದಕ್ಕೆ ಸಾಕ್ಷಿ ಕಣ್ಣಿಗೇ ಕಾಣುತ್ತದೆ. ಹೊಳಪು ಬಂದ ಉಕ್ಕಿನ ಮೇಲೆ 230 ಡಿಗ್ರಿಯ ಹೊತ್ತಿಗೆ ಒಣಹುಲ್ಲಿನ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ ಬಣ್ಣ ಕೂರುತ್ತದೆ. ಎಮರಿಗೆ ಒತ್ತಿ ಹಿಡಿದ ಉಳಿಯ ತುದಿಯಲ್ಲಿ ಈ ಬಣ್ಣಗಳೆಲ್ಲ ಒಂದರ ಬೆನ್ನಿಗೊಂದು ಓಡಿ ನೀಲಿಗೆ ನಿಲ್ಲಲು ಕೆಲವೇ ಕ್ಷಣ ಸಾಕು. ಉಳಿಯ ಮೈ ದಪ್ಪವಿರುವುದರಿಂದ ಶಾಖವನ್ನು ಹಂಚಿಕೊಳ್ಳುತ್ತದೆ. ತುದಿ ತೀರಾ ತೆಳು, ಅಲ್ಲಿ ಹುಟ್ಟಿದ ಶಾಖಕ್ಕೆ ಹೋಗಲು ದಾರಿಯಿಲ್ಲ. ಮರವನ್ನು ಕಡಿಯಬೇಕಾದ ಜಾಗವೇ ಮೊದಲು ಮೆತ್ತಗಾಗುತ್ತದೆ.

ನೀರು ಇದನ್ನು ತಡೆಯುವ ಬಗೆ ಸೊಗಸಾದದ್ದು. ಅಲಗಿನ ಮೇಲೆ ನೀರು ಹರಿಯುತ್ತಿರುವಷ್ಟು ಹೊತ್ತು ಅದರ ಕಾವು 100 ಡಿಗ್ರಿ ದಾಟುವ ಸಂಭವವೇ ಕಡಿಮೆ, ಹದ ಕೆಡುವ ಗೆರೆ ಇರುವುದು ಅದರ ಎರಡು ಪಟ್ಟು ಮೇಲೆ. ಆದರೆ ನೀರು ಕಲ್ಲಿನ ಮೇಲೆ ನಿಲ್ಲಬೇಕಲ್ಲ? ಯಂತ್ರದ ನಿಧಾನ ಲೆಕ್ಕಕ್ಕೆ ಬರುವುದು ಇಲ್ಲಿ. 150 ಮಿಲಿಮೀಟರ್ ಅಡ್ಡಳತೆಯ ಎಮರಿ ಚಕ್ರ ನಿಮಿಷಕ್ಕೆ 2,850 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಲ್ಲಿ ಕುಳಿತ ಹನಿಯನ್ನು ಹಿಡಿದಿಡಲು ಗುರುತ್ವದ ಸುಮಾರು 680 ಪಟ್ಟು ಬಲ ಬೇಕು. ಹನಿ ನಿಲ್ಲದೆ ಗೋಡೆಗೆ ಸಿಡಿಯುತ್ತದೆ. 250 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 90 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 1.2 ಮೀಟರ್, ಬೇಕಾದ ಬಲ ಗುರುತ್ವಕ್ಕಿಂತ ಚೂರೇ ಹೆಚ್ಚು. ಕಲ್ಲಿನ ಒರಟು ಮೈಗೆ ಅಂಟಿದ ನೀರು ತೊಟ್ಟಿಯಿಂದೆದ್ದು ಉಳಿಯ ತುದಿಯವರೆಗೂ ಬರುತ್ತದೆ. ಸ್ವೀಡನ್ನಿನ ಟಾರ್ಮೆಕ್ ಕಂಪನಿ ಇಂದಿಗೂ ಮಾರುವ ದುಬಾರಿ ಸಾಣೆ ಯಂತ್ರದ ಅಳತೆ, ವೇಗ ಇವೇ ಎಂಬುದನ್ನು ನೋಡಿದರೆ ಹಳೆಯ ಯಂತ್ರ ಕಾಲ ಮೀರಿದ್ದು ಅನ್ನಲಾಗದು.

ನಿಧಾನವೆಂದರೆ ಹೊತ್ತು ಹಾಳು ಎನ್ನುವವರ ಮಾತಿನಲ್ಲಿ ಹುರುಳಿದೆ. ಮುಕ್ಕಾದ ಅಲಗನ್ನು ಎಮರಿ ಬೇಗ ನೇರ ಮಾಡುತ್ತದೆ, ನೀರಿನ ಸಾಣೆ ಅದಕ್ಕೆ ಹಲವು ಪಟ್ಟು ಹೊತ್ತು ಹಿಡಿಯುತ್ತದೆ. ಆದರೆ ನೀಲಿಯಾದ ತುದಿ ಮಧ್ಯಾಹ್ನದೊಳಗೆ ಮೊಂಡಾದರೆ ಬೆಳಿಗ್ಗೆ ಉಳಿಸಿದ ನಿಮಿಷಗಳು ಎಲ್ಲಿ ಹೋದವು? ನೀಲಿಯಾದಷ್ಟು ಉಕ್ಕನ್ನು ಪೂರ್ತಿ ಸವೆಸಿ ತೆಗೆಯದೆ ಗಟ್ಟಿ ಅಂಚು ಸಿಗುವುದಿಲ್ಲ. ತೇಗದ ಮರದಲ್ಲಂತೂ ಸಿಲಿಕಾ ಇರುವುದರಿಂದ ಉಪಕರಣ ಬೇಗ ಮೊಂಡಾಗುತ್ತದೆ, ಮೆತ್ತಗಾದ ಅಂಚು ಅಲ್ಲಿ ನಿಲ್ಲುವ ಮಾತೇ ಇಲ್ಲ. ಪಳಗಿದ ಕೈ ಉಳಿಯನ್ನು ಮತ್ತೆ ಮತ್ತೆ ನೀರಿಗದ್ದಿ ಎಮರಿಯಲ್ಲೇ ಹದ ಉಳಿಸುತ್ತದೆ, ನಿಜ. ಆದರೆ ಬಣ್ಣ ಬಂದ ಮೇಲೆ ಅದ್ದಿದರೆ ಹೋದ ಗಡಸುತನ ಮರಳುವುದಿಲ್ಲ, ಮತ್ತು ಎಲ್ಲ ಕೈಗಳೂ ಪಳಗಿದವಲ್ಲ. ಹೈಸ್ಪೀಡ್ ಸ್ಟೀಲ್ 500 ಡಿಗ್ರಿಯನ್ನೂ ತಾಳುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಡ್ರಿಲ್ ಬಿಟ್ಟಿಗೆ, ಕಡಚಲಿನ ಉಪಕರಣಕ್ಕೆ ಎಮರಿಯೇ ಇರಲಿ. ಪ್ಲೈವುಡ್ಡಿನ ಕಾಲದಲ್ಲಿ ಉಳಿ ಯಾರಿಗೆ ಬೇಕು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಶೀಶಮ್ ಬಾಗಿಲಿನ ಕೆತ್ತನೆಗಾಗಲಿ, ನಮ್ಮ ಸಾಗರ, ಸೊರಬದ ಗುಡಿಗಾರರ ಗಂಧದ ಕೆಲಸಕ್ಕಾಗಲಿ ಕೈಯುಳಿಗೆ ಬದಲಿಯಿಲ್ಲ. ಬೆರಳಿಗಿಂತ ಸಣ್ಣ ಆ ಉಳಿಗಳೇ ಎಲ್ಲಕ್ಕಿಂತ ಬೇಗ ಸುಡುವಂಥವು.

ಇನ್ನೊಂದು ಲೆಕ್ಕ ಶ್ವಾಸಕೋಶದ್ದು. 19ನೇ ಶತಮಾನದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮರಳುಗಲ್ಲಿನ ಚಕ್ರದ ಮುಂದೆ ಕೂತು ಚಾಕು, ಫೋರ್ಕುಗಳಿಗೆ ಸಾಣೆ ಹಿಡಿಯುತ್ತಿದ್ದವರ ಬಗ್ಗೆ ಅಲ್ಲಿನ ವೈದ್ಯ ನೈಟ್ ದಾಖಲಿಸಿದ್ದನ್ನು ಜರ್ಮನ್ ಚಿಂತಕ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಎತ್ತಿ ಹೇಳುತ್ತಾನೆ: ಒಣ ಸಾಣೆಯವರ ಸರಾಸರಿ ಆಯುಷ್ಯ 35 ದಾಟುವುದೇ ಕಷ್ಟ, ನೀರಿನ ಸಾಣೆಯವರದು 45 ದಾಟುವುದು ಅಪರೂಪ. ನೀರು ದೂಳನ್ನು ಕಟ್ಟಿಹಾಕಿ ವರ್ಷಗಳನ್ನು ಉಳಿಸಿತು, ಆದರೆ ಪೂರ್ತಿ ಕಾಪಾಡಲಿಲ್ಲ. ಮರಳುಗಲ್ಲೆಂದರೆ ಸಿಲಿಕಾ. ತೊಟ್ಟಿಯ ಕೆಸರು ಒಣಗಿ ಪುಡಿಯಾದರೆ ಅದೇ ಸಿಲಿಕೋಸಿಸ್ ತರುವ ದೂಳು. ಚಳಿಗಾಲದಲ್ಲಿ ದೆಹಲಿಯ ಗಾಳಿಯೇ ಉಸಿರುಗಟ್ಟಿಸುವಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದನ್ನು ಸೇರಿಸಿಕೊಳ್ಳಬಾರದು. ಹಾಗಾಗಿ ಹಳೆಯ ಯಂತ್ರದಲ್ಲಿ ಉಳಿಸಿಕೊಳ್ಳಬೇಕಾದದ್ದು ಅದರ ತೊಟ್ಟಿಯನ್ನು, ನಿಧಾನವನ್ನು. ಕಲ್ಲನ್ನು ತೆಗೆದು ಅಲ್ಯುಮಿನಿಯಂ ಆಕ್ಸೈಡಿನ ಚಕ್ರ ಕೂರಿಸಿದರೆ ಲಾಭವೇ.

ಹಳೆಯ ಕಲ್ಲನ್ನೇ ಇಟ್ಟುಕೊಳ್ಳುವವರು ಅದನ್ನು ಬಿಚ್ಚಿ, ಚೆನ್ನಾಗಿ ಒಣಗಿಸಿ, ಮರದ ಹಿಡಿಯಿಂದ ತಟ್ಟಿ ನೋಡಬೇಕು. ಠಣ್ಣೆಂದರೆ ಗಟ್ಟಿ, ದಬ್ಬೆಂದರೆ ಒಳಗೆ ಬಿರುಕಿದೆ, ಅಂಥದನ್ನು ತಿರುಗಿಸಲೇಬಾರದು. ವರ್ಷಗಟ್ಟಲೆ ನೀರಲ್ಲಿ ನಿಂತ ಕಲ್ಲು ಮುಳುಗಿದ ಭಾಗದಲ್ಲಿ ಮೆದುವಾಗಿ, ತಿರುಗುವಾಗ ಎತ್ತಿ ಹಾಕುತ್ತದೆ. ಕಬ್ಬಿಣದ ಪೈಪಿನ ತುಂಡೊಂದನ್ನು ಆಸರೆಗೆ ಒತ್ತಿ ಹಿಡಿದು, ಕಲ್ಲಿನ ಮೇಲೆ ಅಡ್ಡಡ್ಡ ಸರಿಸುತ್ತ ಹೋದರೆ ಉಬ್ಬು ಸವೆದು ದುಂಡಗಾಗುತ್ತದೆ. ಶಾಫ್ಟಿನ ಸುತ್ತ ಮರದ ಬೆಣೆ ಇದ್ದರೆ ತೆಗೆದುಬಿಡಿ. ನೀರು ಕುಡಿದು ಉಬ್ಬಿದ ಬೆಣೆ ಕಲ್ಲನ್ನೇ ಸೀಳುತ್ತದೆ. ಎರಡೂ ಬದಿಗೆ ಅಗಲ ಬಿಲ್ಲೆ, ನಟ್ಟು ಸಾಕು. ಬೇರಿಂಗಿಗೆ ರಬ್ಬರ್ ಸೀಲ್ ಇರಲಿ, ಕೆಸರು ಒಳಹೊಕ್ಕರೆ ಅದನ್ನೂ ಸಾಣೆ ಹಿಡಿಯುತ್ತದೆ. ಮೋಟಾರಿನ ವೇಗ 1,440 ಸುತ್ತಾದರೆ 50 ಮಿಲಿಮೀಟರಿನ ಪುಲ್ಲಿಯಿಂದ 200 ಮಿಲಿಮೀಟರಿನ ಪುಲ್ಲಿಗೆ, ಹೀಗೆ ಎರಡು ಹಂತ ಬೆಲ್ಟು ಹಾಕಿದರೆ 90ಕ್ಕೆ ಇಳಿಯುತ್ತದೆ. ಬೇಗ ಆಗಲೆಂದು ನೇರ ಮೋಟಾರು ಜೋಡಿಸಬೇಡಿ. ಕಲ್ಲನ್ನು ಸೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ನೆನೆದ ಮರಳುಗಲ್ಲಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ನೀರು, ಕರೆಂಟು ಒಂದೇ ಮೇಜಿನ ಮೇಲಿರುವುದರಿಂದ ಅರ್ಥಿಂಗ್ ಜೊತೆಗೆ, ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಸ್ವಿಚ್ ಒತ್ತಬೇಡಿ. ಕೆಲಸ ಮುಗಿದ ಸಂಜೆ ತೊಟ್ಟಿಯ ನೀರು ಚೆಲ್ಲಿ, ಕೆಸರನ್ನು ಹಸಿಯಿರುವಾಗಲೇ ಬಳಿದು ತೆಗೆಯಿರಿ.