ಉಸಿರನ್ನು ಎಣಿಸುವ ವಿದ್ಯೆ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ವೈದ್ಯರು. ಆದರೆ ವೈದ್ಯರು ಒಬ್ಬ ರೋಗಿಯ ಮಂಚದ ಬಳಿ ನಿಲ್ಲುವುದು ದಿನದಲ್ಲಿ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ, ಅದರಲ್ಲಿಯೂ ನಟ್ಟಿರುಳಿನಲ್ಲಿ, ಆ ಜೀವಕ್ಕೆ ಕಾವಲಿರುವವರು ದಾದಿಯರು. ಕಾವಲೆಂದರೆ ನಿದ್ದೆಗೆಟ್ಟು ಕುಳಿತಿರುವುದಷ್ಟೇ ಅಲ್ಲ, ಅದೊಂದು ವಿದ್ಯೆ. ಅದನ್ನು ಕಲಿಯುವುದಕ್ಕೆ ವರ್ಷಗಳೇ ಬೇಕು.

ಬೆಂಗಳೂರಿನ ಉತ್ತರ ಭಾಗ ಇಂದು ಈ ವಿದ್ಯೆಯ ಒಂದು ದೊಡ್ಡ ಪಾಠಶಾಲೆ. ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳದ ಬಳಿ, ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಶಸ್ತ್ರವೈದ್ಯೆ ರೆಬೆಕಾ ಆನ್ ನೇಯ್ಲರ್ ಅವರ ಹೆಸರನ್ನು ಅಲ್ಲಿನ ಶುಶ್ರೂಷಾ ಶಾಲೆಗೆ ಇಡಲಾಗಿದೆ. ಯಶವಂತಪುರಕ್ಕೆ ಸಮೀಪದ ರಾಮಯ್ಯ ಸಂಸ್ಥೆಯಲ್ಲಿಯೂ ಆಸ್ಪತ್ರೆಯ ಜೊತೆಗೆ ದಾದಿಯರ ಶಿಕ್ಷಣವಿದೆ. ಪಿ.ಯು.ಸಿ. ಮುಗಿಸಿ ಬಂದವರು ಜಿ.ಎನ್.ಎಂ. ಡಿಪ್ಲೊಮಾಕ್ಕೆ 3 ವರ್ಷ, ಬಿ.ಎಸ್‌ಸಿ. ಪದವಿಗೆ 4 ವರ್ಷ ಓದುತ್ತಾರೆ. ಹಳ್ಳಿಗಳ ಆರೋಗ್ಯಸೇವೆಗೆ ಹೆಚ್ಚಾಗಿ ನೇಮಕವಾಗುವ ಎ.ಎನ್.ಎಂ.ಗಳ ಶಿಕ್ಷಣ 2 ವರ್ಷದ್ದು.

ಹಾಸಿಗೆ ಹಾಸುವುದು, ಮಲಗಿದವರಿಗೆ ಮೈ ಒರೆಸುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಾಯಿಸುವುದು, ಬೊಂಬೆಯ ತೋಳಿಗೆ ಸೂಜಿ ಚುಚ್ಚಿ ಅಭ್ಯಾಸ ಮಾಡುವುದು — ಮೊದಲ ಪಾಠಗಳು ಇವು. ಇವುಗಳ ನಡುವೆ ತೀರ ಸುಲಭವೆಂದು ತೋರುವ ಪಾಠವೊಂದಿದೆ: ರೋಗಿಯ ಉಸಿರನ್ನು ಎಣಿಸುವುದು.

ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಒಳಗೆ ನಂಜೇರುತ್ತಿದ್ದರೆ, ರಕ್ತ ಸೋರುತ್ತಿದ್ದರೆ, ಶ್ವಾಸಕೋಶ ಸೋಲುತ್ತಿದ್ದರೆ, ಅನೇಕ ವೇಳೆ ರಕ್ತದ ಒತ್ತಡ ಕುಸಿಯುವುದಕ್ಕಿಂತ ಮೊದಲೇ ಉಸಿರಿನ ವೇಗ ಏರುತ್ತದೆ. ಬೆರಳಿಗೆ ಸಿಕ್ಕಿಸುವ ಯಂತ್ರ ಆಕ್ಸಿಜನ್ ಸರಿಯಾಗಿದೆಯೆಂದು ತೋರಿಸುತ್ತಿರುವಾಗಲೂ ಉಸಿರು ಅಪಾಯವನ್ನು ಸಾರುತ್ತಿರಬಹುದು. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಾಟ ತಾನಾಗಿಯೇ ಬದಲಾಗುತ್ತದೆ. ಆದ್ದರಿಂದ ದಾದಿ ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದುಕೊಂಡೇ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಗಮನಿಸುತ್ತಾಳೆ. ಕೆಲಸದ ಅವಸರದಲ್ಲಿ ಎಣಿಸದೆಯೇ ಹಿಂದಿನ ಅಂಕಿಯನ್ನು ಮತ್ತೆ ಬರೆದುಬಿಡುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಗೆಲ್ಲುವುದೇ ಈ ಪಾಠದ ತಿರುಳು.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಇದಕ್ಕೊಂದು ಅಂಕಪದ್ಧತಿಯನ್ನು ರೂಪಿಸಿ, 2017ರಲ್ಲಿ ಪರಿಷ್ಕರಿಸಿತು. ಉಸಿರು, ನಾಡಿ, ರಕ್ತದ ಒತ್ತಡ, ಜ್ವರ, ಆಕ್ಸಿಜನ್, ಪ್ರಜ್ಞೆ ಇವುಗಳಿಗೆ ಅಂಕ ಕೊಟ್ಟು ಕೂಡಿಸಬೇಕು; ಮೊತ್ತ 7 ಮುಟ್ಟಿದರೆ ಅದು ತುರ್ತುಸ್ಥಿತಿ. ಉಸಿರು ನಿಮಿಷಕ್ಕೆ 25 ಆದರೆ ಅದೊಂದಕ್ಕೇ 3 ಅಂಕ. ಇಂಥ ಪದ್ಧತಿಗಳು ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿವೆ.

ಆದರೆ ಅಂಕಿಗಳು ಹೇಳದ ಸಂಗತಿಗಳೂ ಇವೆ. ಯಲಹಂಕದ ಕಡೆಯ ಅಜ್ಜಿಯೊಬ್ಬರು “ಯಾಕೋ ಸಂಕಟ ಕಣಮ್ಮ, ಒಂಥರಾ ಆಗ್ತೈತೆ” ಎಂದರೆ ಅದು ಅಜೀರ್ಣವಿರಬಹುದು, ಹೃದಯಾಘಾತವೂ ಇರಬಹುದು. ವಯಸ್ಸಾದವರಲ್ಲಿ, ಸಿಹಿಮೂತ್ರ ರೋಗಿಗಳಲ್ಲಿ ಎದೆನೋವಿಲ್ಲದೆ ಬೆವರು, ಓಕರಿಕೆ, ಸುಸ್ತುಗಳ ರೂಪದಲ್ಲಿಯೇ ಅದು ಬರುವುದುಂಟು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಕಲಿಯಲು ಬಂದವರಿಗೆ ಕನ್ನಡವೇ ಹೊಸದು. ಉತ್ತರ ಕರ್ನಾಟಕದ ಹುಡುಗಿಗೂ ಈ ಸೀಮೆಯ ಮಾತಿನ ವರಸೆ ಬೇರೆಯೇ. ಹೀಗಾಗಿ ‘ಸಂಕಟ’ ಎಂಬ ಪದದ ಅರ್ಥವೂ ವಾರ್ಡಿನ ಪಾಠವೇ.

ಕಂಡುಹಿಡಿದರೆ ಸಾಲದು, ಹೇಳುವ ಧೈರ್ಯವೂ ಬೇಕು. ಇಪ್ಪತ್ತರ ವಯಸ್ಸಿನ ತರುಣಿ ರಾತ್ರಿ 2 ಗಂಟೆಗೆ ಹಿರಿಯ ಸಿಸ್ಟರನ್ನು, ಆಕೆಯ ಮೂಲಕ ವೈದ್ಯರನ್ನು ಎಬ್ಬಿಸಬೇಕು. ಸುಮ್ಮನೆ ಎಬ್ಬಿಸಿದೆನೆಂದು ಬೈಸಿಕೊಳ್ಳುವ ಅಳುಕು ಯಾರಿಗೆ ತಾನೇ ಇರದು? ಅದಕ್ಕಾಗಿ ಮಾತಿಗೊಂದು ಕ್ರಮವನ್ನು ಕಲಿಸುತ್ತಾರೆ: ಈಗ ಏನಾಗಿದೆ, ರೋಗಿಯ ಹಿನ್ನೆಲೆಯೇನು, ತನಗೆ ಕಂಡದ್ದೇನು, ಆಗಬೇಕಾದದ್ದೇನು. “ಆರನೆಯ ಮಂಚದವರ ಉಸಿರು 18 ಇದ್ದದ್ದು 26 ಆಗಿದೆ. ನಿನ್ನೆ ಕರುಳಿನ ಶಸ್ತ್ರಚಿಕಿತ್ಸೆ ಆದವರು. ನಂಜೇರುತ್ತಿದೆಯೇನೋ ಎಂಬ ಅನುಮಾನ. ದಯವಿಟ್ಟು ಈಗಲೇ ಬಂದು ನೋಡಬೇಕು.” ಈ ನಾಲ್ಕು ವಾಕ್ಯಗಳಿಗೆ ಅರ್ಧ ನಿಮಿಷವೂ ಬೇಡ. ಆದರೆ ಅವುಗಳನ್ನು ಆಡಲು ಹಿಂಜರಿದು ಬೆಳಗಿನವರೆಗೆ ಕಾದರೆ ಒಂದು ಸಂಸಾರದ ದೀಪವೇ ಆರಿಹೋಗಬಹುದು.

ರೋಗಿಯ ಮನೆಯವರೂ ಈ ಕಾವಲಿನಲ್ಲಿ ಪಾಲುಗೊಳ್ಳಬಹುದು. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ತಂದೆ ಇಂದು ಮಕ್ಕಳ ಹೆಸರನ್ನೇ ತಪ್ಪಿದರೆ, ಆ ಬದಲಾವಣೆ ಮನೆಯವರಿಗಲ್ಲದೆ ಇನ್ನಾರಿಗೆ ಮೊದಲು ತಿಳಿದೀತು? ಹೊಸದಾಗಿ ಬಂದ ಗೊಂದಲಕ್ಕೂ ಆ ಅಂಕಪದ್ಧತಿಯಲ್ಲಿ 3 ಅಂಕವಿದೆ. “ವಯಸ್ಸಾಯಿತು” ಎಂದು ಸುಮ್ಮನಾಗದೆ ಒಡನೆಯೇ ದಾದಿಗೆ ತಿಳಿಸಬೇಕು. ಹಾಗೆಯೇ ಆಕೆ ಮಣಿಕಟ್ಟು ಹಿಡಿದು ಮೌನವಾಗಿ ನಿಂತಿರುವಾಗ ಮಾತಿಗೆಳೆಯದೆ ಒಂದು ನಿಮಿಷ ಬಿಟ್ಟುಕೊಡುವುದೂ ಒಳ್ಳೆಯದು. ಆಗ ಆಕೆ ಎಣಿಸುತ್ತಿರುವುದು ನಮ್ಮವರ ಉಸಿರನ್ನೇ.