ಈ ಗ್ಲೈಸಿನ್ ಯಾರದ್ದು?

ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ, ಡೊಂಬಿವಲಿ ದಾಟಿ ಠಾಣೆಗೆ ಮೊದಲು ಪಾರ್ಸಿಕ್ ಸುರಂಗ ಹೊಗುತ್ತದೆ. 1916ರ ಸುರಂಗ, ಉದ್ದ ಸುಮಾರು 1.3 ಕಿಲೋಮೀಟರ್. ಕಿಟಕಿಯಾಚೆಯ ಕತ್ತಲಲ್ಲಿ ಕಣ್ಣಿಗೆ ಬಿಡುವು ಸಿಕ್ಕಿತು ಅಂದುಕೊಳ್ಳಬೇಡಿ. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಸುವುದು ಕತ್ತಲಲ್ಲೇ ಹೆಚ್ಚು. ಬೆಳಕು ಬಿದ್ದರೆ ಕೈ ಬಿಗಿಹಿಡಿಯುತ್ತವೆ. (ಗೋಬಿ ಮಂಚೂರಿಗೆ ಬೀಳುವ ಅಜಿನೊಮೊಟೊದಲ್ಲಿರುವುದೂ ಇದೇ ಗ್ಲುಟಮೇಟ್.)

ನರಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುವುದು ಇಂಥ ರಾಸಾಯನಿಕದಿಂದ, ಅಂದರೆ ನ್ಯೂರೋಟ್ರಾನ್ಸ್‌ಮಿಟರ್‌ನಿಂದ. ಯಾವ ಕೋಶದ್ದು ಯಾವುದು? ಆಕಾರ ನೋಡಿ ಹೇಳುವುದು ಕಷ್ಟ. ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ 19ನೇ ಶತಮಾನದ ಕೊನೆಗೇ ಅಕ್ಷಿಪಟಲದ ಕೋಶಗಳನ್ನು ಸೊಗಸಾಗಿ ಚಿತ್ರಿಸಿದ್ದರು. ಅವರ ಬೆಳ್ಳಿಯ ಬಣ್ಣ ಕೋಶದ ಕೊಂಬೆರೆಂಬೆ ತೋರಿಸಿತೇ ಹೊರತು ಒಳಗಿನ ಸರಕನ್ನಲ್ಲ. 1960ರ ದಶಕದಲ್ಲಿ ಸ್ವೀಡನ್ನಿನವರು ಫಾರ್ಮಾಲ್ಡಿಹೈಡ್ ಆವಿ ಹಾಯಿಸಿದಾಗ ಡೋಪಮಿನ್ ಎಂಬ ನ್ಯೂರೋಟ್ರಾನ್ಸ್‌ಮಿಟರ್ ಇರುವ ಕೋಶಗಳು ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆದವು. ಆಮೇಲೆ ಪ್ರತಿಕಾಯಗಳ ಕಾಲ ಬಂತು. ಗಾಬಾ, ಗ್ಲೈಸಿನ್ ಎಂಬ ನ್ಯೂರೋಟ್ರಾನ್ಸ್‌ಮಿಟರ್‌ಗಳಲ್ಲಿ ಒಂದಕ್ಕೆ ಅಂಟುವ ಪ್ರತಿಕಾಯವನ್ನು ಅಕ್ಷಿಪಟಲದ ತೆಳು ಹೋಳಿನ ಮೇಲೆ ಹಾಕಿದರೆ ಆ ರಾಸಾಯನಿಕವಿರುವ ಕೋಶಗಳಷ್ಟೇ ಎದ್ದು ಕಾಣುತ್ತವೆ. ಅಮಾಕ್ರೈನ್ ಎಂಬ ನಡುಪದರದ ಕೋಶಗಳಲ್ಲಿ ಬಹುಪಾಲು ಹೀಗೆ ಎರಡು ಬಣವಾದವು: ಗಾಬಾದವು, ಗ್ಲೈಸಿನ್‌ನವು.

ತಕರಾರು ಬಂದದ್ದು ಇಲ್ಲಿ. ಗ್ಲೈಸಿನ್ ಅಕ್ಷಿಪಟಲದ ಬೈಪೋಲಾರ್ ಎಂಬ ಕೋಶಗಳಲ್ಲಿ ಕೆಲವುದರಲ್ಲೂ ಸಿಕ್ಕಿತು. ಅವು ಗ್ಲುಟಮೇಟ್ ಸುರಿಸಿ ಮುಂದಿನ ಕೋಶವನ್ನು ಕೆರಳಿಸುವಂಥವು. ಗ್ಲೈಸಿನ್ ಸಾಮಾನ್ಯವಾಗಿ ಅಡಗಿಸುವಂಥದ್ದು. ಎರಡನ್ನೂ ಒಂದೇ ಕೋಶ ಇಟ್ಟುಕೊಂಡು ಮಾಡುವುದೇನು? 1998ರಲ್ಲಿ ವಿಜ್ಞಾನಿ ಡೇವಿಡ್ ವ್ಯಾನಿ ಮತ್ತು ಸಂಗಡಿಗರು ಗುಟ್ಟು ಬಿಡಿಸಿದರು. ಎ-ಟು ಎಂಬ ಅಮಾಕ್ರೈನ್ ಕೋಶಕ್ಕೂ ಆ ಬೈಪೋಲಾರ್ ಕೋಶಕ್ಕೂ ನಡುವೆ ಅತಿಸಣ್ಣ ಕಿಂಡಿಗಳಿವೆ. ಮಬ್ಬು ಬೆಳಕಿನ ಸುದ್ದಿ ದಾಟುವುದು ಅವುಗಳ ಮೂಲಕವೇ. ಅದರ ಜೊತೆಗೆ ಗ್ಲೈಸಿನ್ನೂ ನುಸುಳಿಬಿಡುತ್ತದೆ. ಗ್ಲೈಸಿನ್ ಹೀರಿಕೊಳ್ಳುವ ಪ್ರೋಟೀನು ಇರುವುದು ಎ-ಟು ಕೋಶದಲ್ಲಿ. ಬೈಪೋಲಾರ್‌ನಲ್ಲಿ ಅದು ಇಲ್ಲ. ಡಬ್ಬಾವಾಲಾನ ಕೈಯಲ್ಲಿ ಊಟವಿದ್ದ ಮಾತ್ರಕ್ಕೆ ಅಡುಗೆ ಅವನದಾಗುತ್ತದೆಯೇ?

ಹಾಗಾಗಿ ಈಗ ಸರಕಿಗಿಂತ ಯಂತ್ರೋಪಕರಣ ಹುಡುಕುವುದೇ ಕ್ರಮ. ಗ್ಲುಟಮೇಟ್ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ, ಅದು ದೇಹದ ಎಲ್ಲ ಕೋಶಗಳಲ್ಲೂ ಇರುವಂಥದ್ದು. ಅದನ್ನು ಪುಟ್ಟ ಚೀಲಗಳಿಗೆ ತುಂಬುವ ಪ್ರೋಟೀನು ಇದೆಯೇ ಎಂದು ನೋಡಬೇಕು. ಗಾಬಾ ಆದರೆ ಅದನ್ನು ತಯಾರಿಸುವ ಕಿಣ್ವ. 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ಅಕ್ಷಿಪಟಲದ 44,808 ಕೋಶಗಳಲ್ಲಿ ಯಾವ ಜೀನ್ ಚುರುಕಾಗಿದೆಯೆಂದು ಒಂದೊಂದಾಗಿ ಓದಿ 39 ಗುಂಪು ಮಾಡಿದರು.

ಗುಂಪಿಗೆ ಸಲೀಸಾಗಿ ಬಗ್ಗದವೂ ಇವೆ. ನಕ್ಷತ್ರದಂತೆ ಕೈಚಾಚುವ ಸ್ಟಾರ್‌ಬರ್ಸ್ಟ್ ಕೋಶಕ್ಕೆ ಅಸಿಟೈಲ್‌ಕೋಲಿನ್ ಎಂಬ ನ್ಯೂರೋಟ್ರಾನ್ಸ್‌ಮಿಟರೂ ಬೇಕು, ಗಾಬಾವೂ ಬೇಕು. ಚಲಿಸುವ ವಸ್ತು ಯಾವ ಕಡೆ ಹೋಗುತ್ತಿದೆಯೆಂದು ಗುರುತಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಇನ್ನು ಗಾಬಾ, ಗ್ಲೈಸಿನ್ ಎರಡರ ಗುರುತೂ ತೋರದ ಅಮಾಕ್ರೈನ್ ಕೋಶವೊಂದಿದೆ. ಅದಕ್ಕೆ ಇಟ್ಟ ಹೆಸರು ಎನ್‌ಜಿಎನ್‌ಜಿ: ಅದೂ ಅಲ್ಲ, ಇದೂ ಅಲ್ಲ.